ಹಿತ್ತಾಳೆಯ ಕೊಂಡಿ

ಗಂಡನ ಅಂಗಿಯನ್ನು ನೆನೆಹಾಕುವ ಮೊದಲು ಕಿಸೆ ತಡಕಿದ ಬಸವೇಶ್ವರಿಗೆ ಸಿಕ್ಕಿದ್ದು ಹಿತ್ತಾಳೆಯ ಒಂದು ಸಣ್ಣ ಕೊಂಡಿ. ಬೆಳಕಿಗೆ ಹಿಡಿದು ನೋಡಿದಳು. ಗುರುತು ತಪ್ಪುವಂತೆಯೇ ಇರಲಿಲ್ಲ. ಅವಳ ಅಪ್ಪ ಮಹಾಂತಪ್ಪ ನಾಗಪುರದ ಆರ್ಡನನ್ಸ್ ಫ್ಯಾಕ್ಟರಿಯಲ್ಲಿ ಲೇಥ್ ನಡೆಸುತ್ತಿದ್ದವನು. ಅವನು ಇಷ್ಟಲಿಂಗವಿಟ್ಟು ಕೊರಳಲ್ಲಿ ಧರಿಸುತ್ತಿದ್ದ ಬೆಳ್ಳಿ ಕರಡಿಗೆಯ ಒಂದು ಕೊಂಡಿ ಸವೆದು ಮುರಿದಾಗ, ಸರಾಫನ ಗೊಡವೆಗೆ ಹೋಗದೆ ತಾನೇ ಹಿತ್ತಾಳೆಯದನ್ನು ಕಡೆದು ಕೂರಿಸಿದ್ದ. ಅವನು ತೀರಿಕೊಂಡ ಮೇಲೆ ಲಿಂಗ ಅವನ ಜೊತೆ ಮಣ್ಣಿಗೆ ಹೋಯಿತು, ಕರಡಿಗೆ ಮಗಳ ಕೊರಳಿಗೆ ಬಂತು.

ಅದನ್ನು ಪಾಲಿಶ್ ಮಾಡಿಸುತ್ತೇನೆಂದು ಗಂಡ ಕೇದಾರನಾಥ ಒಯ್ದು ವಾರಗಳೇ ಆಗಿದ್ದವು. ಅಂದಿನಿಂದ ಅವಳು ತನ್ನ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದಳು.

ಕೇದಾರನಾಥ ನಾಗಪುರದ ಇತವಾರಿ ಪೇಟೆಯಲ್ಲಿ ಶೇರು ದಲ್ಲಾಳಿ. ೨೦೧೧ರ ಆ ಮಳೆಗಾಲದಲ್ಲಿ ಅವನ ಬಾಯಲ್ಲಿ ಗ್ರೀಸ್ ಬಿಟ್ಟು ಬೇರೆ ಮಾತಿರಲಿಲ್ಲ. ಆ ದೇಶ ಊರಂಚಿನ ವಾಡಿಯ ಗೋದಾಮುಗಳ ಹಿಂದೆಯೇ ಇದೆಯೇನೋ ಎಂಬಷ್ಟು ಸಲಿಗೆ. ಗ್ರೀಸ್ ಸಾಲ ತೀರಿಸುವುದಿಲ್ಲ, ಯುರೋಪಿನ ಬ್ಯಾಂಕುಗಳು ಹೆದರುತ್ತವೆ, ಡಾಲರ್ ಬೇಕೆಂದು ದೊಡ್ಡ ಕುಳಗಳು ಬೆಳ್ಳಿ ಮಾರುತ್ತವೆ, ಬೆಲೆ ಕುಸಿಯುತ್ತದೆ ಎನ್ನುತ್ತಿದ್ದ. ಮನೆಯ ಬೆಳ್ಳಿಯನ್ನು ಈಗ ಮಾರಿ ಆಮೇಲೆ ಕೊಂಡರೆ ಅಷ್ಟೇ ಬೆಳ್ಳಿ ಮನೆಗೆ ಬರುತ್ತದೆ, ಉಳಿದದ್ದು ಲಾಭ. ತಟ್ಟೆ, ಚೊಂಬು, ದೀಪದ ಸಮೆ ಮಾರಲು ಅವಳೂ ಒಪ್ಪಿದ್ದಳು. ಕರಡಿಗೆ ಮುಟ್ಟಬೇಡಿ ಎಂದು ಮಾತ್ರ ಹೇಳಿದ್ದಳು.

ಸಂಜೆ ಅವನು ಪೇಢೆಯ ಡಬ್ಬಿಯೊಂದಿಗೆ ಬಂದ. ಬೆಳ್ಳಿ ಎರಡೇ ದಿನದಲ್ಲಿ ನೆಲ ಕಚ್ಚಿತ್ತು. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು; ಅದೇ ದೊಡ್ಡ ಕೇಡು. ತಪ್ಪಿದ್ದರೆ ಬಹುಶಃ ತಲೆ ತಗ್ಗಿಸುತ್ತಿದ್ದ. ಹೊಸ ತಟ್ಟೆ, ಹೊಸ ಚೊಂಬುಗಳನ್ನು ಸಾಲಾಗಿ ಇಟ್ಟು, ಕೊನೆಗೆ ಕೆಂಪು ಕಾಗದದಿಂದ ಥಳಥಳಿಸುವ ಕರಡಿಗೆ ತೆಗೆದ.

ಬಸವೇಶ್ವರಿ ಅದರ ಪಕ್ಕದಲ್ಲಿ ಹಿತ್ತಾಳೆಯ ಕೊಂಡಿ ಇಟ್ಟಳು.

"ಪಾಲಿಶ್ ಅಂದಿದ್ರಿ."

"ಖರೇ ಹೇಳಿದ್ರ ನೀ ಕೊಡ್ತಿದ್ದೇನು?" ಅವನಿಗೆ ನಾಚಿಕೆಯಾದಂತೆ ಕಾಣಲಿಲ್ಲ. "ಹಳೇದಕ್ಕಿಂತ ಇದು ವಜನ್ ಐತಿ. ಬೆಳ್ಳಿ ಅಂದ್ರ ಬೆಳ್ಳಿ. ಆ ಕೊಂಡಿಗೆ ರೇಟ್ ಇಲ್ಲಂತ ಸರಾಫ ನಿನ್ನೆ ವಾಪಸ್ ಕೊಟ್ಟ."

"ಕರಗಿಸಿದ್ನೇನು?"

"ಮತ್ತ? ಇಟ್ಕೊಂಡು ಪೂಜಾ ಮಾಡ್ತಾನೇನು?"

ಅವಳು ಹಿತ್ತಾಳೆಯ ಕೊಂಡಿಯನ್ನು ತಿರುಗಿ ಕೈಗೆತ್ತಿಕೊಂಡಳು. ಆಮೇಲೆ ಕೇಳಿದಳು: "ನಮ್ಮಪ್ಪಂದರಾಗ ಎಷ್ಟ ಉಳೀತು?"

ಆ ಪುಣ್ಯಾತ್ಮ ನಿಜವಾಗಿಯೂ ಲೆಕ್ಕ ಹಾಕಿದ. ಕಣ್ಣು ಮುಚ್ಚಿ, ಬೆರಳು ಮಡಿಸಿ, ಸಾವಿರದ ಮೇಲೆ ಆಗುತ್ತದೆ ಎಂದ. ಮದುವೆಯಾದಾಗಿನಿಂದ ಅವಳಿಗೆ ಅವನ ಮೇಲೆ ಸಿಟ್ಟು ಬಂದದ್ದುಂಟು, ಬೇಸರ ಬಂದದ್ದುಂಟು. ಹೇಸಿಗೆ ಬಂದದ್ದು ಅಂದೇ. ಅವಳು ಪೇಢೆ ಮುಟ್ಟಲಿಲ್ಲ, ಕರಡಿಗೆಯನ್ನು ಮಾತ್ರ ಒಳಗೆ ಒಯ್ದಳು. ಸದ್ಯ ತೆಗೆದುಕೊಂಡಳಲ್ಲ ಎಂದು ಅವನು ಟೀವಿ ಹಚ್ಚಿದ.

ಬೆಳಿಗ್ಗೆ ಅವಳ ಕೊರಳಲ್ಲಿ ವಸ್ತ್ರದ ಗಂಟೇ ಇತ್ತು. ಶಿವದಾರಕ್ಕೆ ಹಿತ್ತಾಳೆಯ ಕೊಂಡಿ ಪೋಣಿಸಿದ್ದಳು. ಎರಡು ದಿನ ಬಿಟ್ಟರೆ ಸರಿಹೋಗುತ್ತಾಳೆ ಎಂದುಕೊಂಡು ಅವನು ಊಟದ ಚೀಲ ಹಿಡಿದು ಹೊರಟ.

ಆಫೀಸಿನಲ್ಲಿ ಅವನಿಗೆ ರಾಜಮರ್ಯಾದೆ. ಅವನ ಮಾತು ಕೇಳಿ ಬೆಳ್ಳಿ ಮಾರಿದ್ದ ಗಿರಾಕಿ ಚಂದನ್ ಹಾರವನ್ನೇ ತಂದಿದ್ದ. ಇಟಲಿ ಯಾವಾಗ ಬೀಳುತ್ತದೆ ಎಂದು ಮರಾಠಿಯಲ್ಲಿ ಕೇಳುತ್ತ ಎದುರಿಗೆ ಕೂತ. ಹೇಳುತ್ತ ಹೇಳುತ್ತ ಕೇದಾರನಾಥ ಊಟದ ಚೀಲ ಬಿಚ್ಚಿದ. ರೊಟ್ಟಿ ಡಬ್ಬಿಯ ಮೇಲೆ ಹೊಸ ಕರಡಿಗೆ ಇತ್ತು. ತೆರೆದ. ಲಿಂಗ ಇರಬೇಕಾದ ಜಾಗದಲ್ಲಿ ಖರ್ರಾ ಒತ್ತೊತ್ತಿ ತುಂಬಿತ್ತು. ಅಡಿಕೆ, ತಂಬಾಕು, ಸುಣ್ಣ ತಿಕ್ಕಿದ, ದಿನವಿಡೀ ಅವನ ದವಡೆಯಲ್ಲಿರುವ ಅದೇ ಖರ್ರಾ.

ಕರಡಿಗೆ ಎಂದರೇನೆಂದು ಚಂದನ್‌ಗೆ ಗೊತ್ತಿರಲಿಲ್ಲ. ಕೈ ಚಾಚಿ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡ. ಡಬ್ಬಿ ಚೆನ್ನಾಗಿದೆ, ಎಷ್ಟು ಬಿತ್ತು ಎಂದು ಕೇಳಿದ.

ಕೇದಾರನಾಥನ ಬಾಯಿಂದ ತಾನಾಗಿಯೇ ದರ ಹೊರಬಿತ್ತು. ಚಂದನ್ ತಲೆದೂಗಿ ಮುಚ್ಚಳ ಒತ್ತಿದ. ಹೊಸದಲ್ಲವೇ, ಟಕ್ಕೆಂದು ಮುಚ್ಚಿಕೊಂಡಿತು.