ಹಸಿರು ಚೌಕದಲ್ಲಿ ಅಮ್ಮ

ನಕ್ಷೆ ಮೇಡಂ ಎಂದರೆ ಆ ಕಚೇರಿಯಲ್ಲಿ ಎಲ್ಲರಿಗೂ ಒಂಥರಾ ಧೈರ್ಯ. ಮೂರನೇ ಮಹಡಿಯ ಮೂಲೆಯಲ್ಲಿ ಎರಡು ಪರದೆ ಮುಂದಿಟ್ಟುಕೊಂಡು ಕೂತಳೆಂದರೆ ಕಾಫಿ ಆರಿ ತಣ್ಣಗಾದರೂ ಏಳುವವಳಲ್ಲ. "ಮೋಡ ಎಲ್ಲೂ ಓಡಿಹೋಗಲ್ಲ, ಕುಡೀರಿ ಮೇಡಂ" ಎಂದು ಪಕ್ಕದವರು ರೇಗಿಸಿದರೆ, "ಓಡೋದೇ ಅದರ ಕೆಲಸ ಕಣ್ರೀ" ಎನ್ನುತ್ತಿದ್ದಳು.

ಅವಳ ಕೆಲಸ ನೆರೆ ನಕ್ಷೆ ಮಾಡುವುದು. ಗುಡ್ಡದ ಮೇಲೆ ಮಳೆ ಅಳೆಯುವ ಮಾಪಕ ಇಡುವವರು ಯಾರು, ಇಟ್ಟರೂ ದಿನಾ ಹತ್ತಿ ಹೋಗಿ ಓದುವವರು ಯಾರು? ಅದಕ್ಕೇ ಉಪಗ್ರಹವನ್ನು ನಂಬಿದ್ದು. ಇಪ್ಪತ್ತು ವರ್ಷ ಅದು ಮೇಲಿನಿಂದ ಕಂಡ ಮಳೆಯನ್ನೆಲ್ಲ ದಿನವಹಿ ಲೆಕ್ಕದಲ್ಲಿ ತರಿಸಿ, ಊರು ಕೇರಿ ಕಾಡು ಎಲ್ಲವನ್ನೂ ಸಣ್ಣ ಸಣ್ಣ ಚೌಕ ಮಾಡಿದ್ದಳು. ಒಂದೇ ದಿನದಲ್ಲಿ ಹಳ್ಳ ಉಕ್ಕುವಷ್ಟು ಮಳೆ ಯಾವತ್ತಾದರೂ ಬಿದ್ದಿದ್ದರೆ ಆ ಚೌಕಕ್ಕೆ ಕೆಂಪು ಬಣ್ಣ. ಇಲ್ಲವೆಂದರೆ ಹಸಿರು. ಮೂರು ಸಮಿತಿಗಳು ನೋಡಿ ತಲೆಯಾಡಿಸಿದ ಮೇಲೆ ನಕ್ಷೆ ಊರೂರಿನ ಗೋಡೆ ಹತ್ತಿತು.

ಅವಳ ಅಮ್ಮ ಮತ್ತು ಅಕ್ಕ ಇದ್ದದ್ದು ಹೊಳೆಯಂಚಿನ ಕೆಂಪು ಚೌಕದಲ್ಲಿ. ನಿನ್ನೆ ಸಂಜೆ ಬೇರೆಲ್ಲೋ ಸುರಿದ ಮಳೆಗೆ ಹೊಳೆ ಏರಿದಾಗ ಆ ಕೇರಿಯವರನ್ನೆಲ್ಲ ಗುಡ್ಡದ ಬುಡದ ಹೊಸ ಶಾಲೆಗೆ ಸಾಗಿಸಿದರು. ಶಾಲೆ ಹಸಿರು ಚೌಕದಲ್ಲಿತ್ತಲ್ಲ! "ನನ್ನ ಮಗಳೇ ಬಣ್ಣ ಹಾಕಿದ್ದು, ಹೆದರಬೇಡ್ರೋ" ಎಂದು ಅಮ್ಮ ದಾರಿಯುದ್ದಕ್ಕೂ ಹೇಳಿಕೊಂಡು ಹೋದಳಂತೆ. ಅಕ್ಕ ಫೋನಿನಲ್ಲಿ ಅದನ್ನು ಹೇಳಿ ನಕ್ಕಿದ್ದಳು.

ಇವತ್ತು ಬೆಳಕು ಹರಿಯುವ ಮೊದಲೇ ಮಳೆ ಶುರುವಾಗಿ ಇನ್ನೂ ಬಿಟ್ಟಿರಲಿಲ್ಲ. ಮೇಡಂ ಕಚೇರಿಗೆ ಬಂದವಳೇ ಉಪಗ್ರಹದ ಹೊಸ ಅಂಕಿ ತೆರೆದಳು. ಶಾಲೆಯ ಚೌಕಕ್ಕೆ ನಿನ್ನೆಯ ತಾರೀಖಿನಲ್ಲಿ ಸಾಧಾರಣ ಮಳೆ, ಇವತ್ತಿನ ತಾರೀಖಿನಲ್ಲೂ ಸಾಧಾರಣ ಮಳೆ. ಸದ್ಯ ಎಂದುಕೊಂಡಳು. ಆಮೇಲೆ ಅನುಮಾನ ಬಂತು. ನಿನ್ನೆ ಹಗಲಿಡೀ ಆ ಗುಡ್ಡದ ಮೇಲೆ ಹನಿ ಬಿದ್ದಿಲ್ಲವೆಂದು ಅಕ್ಕನೇ ಹೇಳಿದ್ದಳಲ್ಲ, ಹಾಗಾದರೆ ನಿನ್ನೆಯ ಮಳೆ ಎಲ್ಲಿಂದ ಬಂತು?

ಥಟ್ಟನೆ ಅರ್ಥವಾಯಿತು. ಉಪಗ್ರಹಕ್ಕೆ ಜಗತ್ತಿಗೆಲ್ಲ ಒಂದೇ ಗಡಿಯಾರ. ಅದರ ದಿನ ಮುಗಿದು ಹೊಸ ದಿನ ಶುರುವಾಗುವುದು ಇಲ್ಲಿ ಬೆಳಕು ಹರಿಯುವ ಹೊತ್ತಿಗೆ. ಆ ಗುಡ್ಡದ ಮಳೆಯೋ, ಯಾವಾಗಲೂ ಬೆಳಗಿನ ಜಾವಕ್ಕೇ ಬರುವುದು. ಒಂದೇ ಮಳೆಯನ್ನು ನಟ್ಟನಡುವೆ ಕತ್ತರಿಸಿ ಅರ್ಧ ನಿನ್ನೆಗೆ, ಅರ್ಧ ಇವತ್ತಿಗೆ ಹಾಕಿದಂತಾಗಿತ್ತು. ಇಪ್ಪತ್ತು ವರ್ಷವೂ ಹೀಗೆಯೇ! ಎರಡು ಅರ್ಧವೂ ಕೆಂಪಿನ ಗೆರೆ ದಾಟದೆ ಚೌಕ ಹಸಿರಾಗಿಯೇ ಉಳಿದಿತ್ತು. ಶಾಲೆ ಕಟ್ಟುವ ಮೊದಲು ಅಲ್ಲಿ ಬರೀ ಬಯಲು, ಹಳ್ಳ ಉಕ್ಕಿದರೂ ಬಂದು ಹೇಳುವವರು ಇರಲಿಲ್ಲ. ಗಡಿಯಾರದ ವಿಷಯ ಅಂಕಿ ಕಳಿಸುವವರು ಬರೆದೇ ಕೊಟ್ಟಿದ್ದರು, ಅವಳೂ ಓದಿದ್ದಳು. ಓದಿ, ಅದರಲ್ಲೇನಿದೆ ಮಹಾ ಎಂದು ಮುಂದೆ ಹೋಗಿದ್ದಳು. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ ಎಂದು ಹಣೆ ಹಣೆ ಬಡಿದುಕೊಂಡಳು.

ಸಾಹೇಬರ ಕೋಣೆಗೆ ನುಗ್ಗಿದಳು. ಅವರು ಮೊದಲು ನಂಬಲಿಲ್ಲ. "ಏನಮ್ಮಾ ನೀನು, ನಿನ್ನೆ ತನಕ ಸರಿ ಇದ್ದಿದ್ದು ಇವತ್ತು ತಪ್ಪಾ?" ಎಂದರು. ಅವಳು ಎರಡು ದಿನದ ಅಂಕಿ ಕೂಡಿಸಿ ತೋರಿಸಿದಳು. ಮನುಷ್ಯ ಕೆಟ್ಟವರಲ್ಲ, ತಕ್ಷಣ ಆ ಊರಿನ ಅಧಿಕಾರಿಗೆ ಫೋನು ಹಚ್ಚಿದರು. ರಸ್ತೆಗೆ ನೀರು ಬಂದಿದೆ, ವಾಹನ ಹೋಗಲ್ಲ, ಶಾಲೆಯ ಎದುರಿಗೇ ಎರಡು ಅಂತಸ್ತಿನ ಗೋದಾಮು ಇದೆ, ಬಾಗಿಲು ತೆಗೆಸ್ತೀನಿ, ಜನ ಅಂಗಳ ದಾಟಿ ಅದರ ಮೇಲೆ ಹತ್ತಲಿ ಎಂದರು ಆ ಅಧಿಕಾರಿ.

ಅವಳು ಅಕ್ಕನಿಗೆ ಫೋನು ಮಾಡಿದಳು. "ಅಕ್ಕಾ, ನಕ್ಷೆ ತಪ್ಪಾಗಿದೆ. ಶಾಲೆ ಪಕ್ಕದ ಹಳ್ಳ ಉಕ್ಕುತ್ತೆ. ಅಮ್ಮನ್ನ ಕರಕೊಂಡು ಗೋದಾಮಿನ ಮೇಲೆ ಹೋಗು, ಎಲ್ಲರಿಗೂ ಹೇಳು."

"ಏನೇ ಹುಚ್ಚುಹುಚ್ಚಾಗಿ! ನಿಜವಾಗ್ಲೂನಾ?"

"ನಿನ್ನ ಮಕ್ಕಳಾಣೆಗೂ ನಿಜ ಅಕ್ಕಾ."

ಅಕ್ಕ ಹೇಳಿದಳು. ಶಾಲೆಯ ಮೇಷ್ಟ್ರೂ ಕೂಗಿ ಹೇಳಿದರು. ಫೋನಿನಲ್ಲಿ ಎಲ್ಲ ಕೇಳುತ್ತಿತ್ತು. ಜನ ಗಂಟುಮೂಟೆ ಕಟ್ಟಲು ಶುರುಮಾಡಿದ ಸದ್ದು, ಮಕ್ಕಳ ಅಳು. ಅಷ್ಟರಲ್ಲಿ ಅಮ್ಮನ ದನಿ ಎಲ್ಲಕ್ಕಿಂತ ಮೇಲೆ ಬಂತು. "ಸುಮ್ನಿರ್ರೋ! ನಕ್ಷೆ ಮಾಡಿದೋಳ ತಾಯಿ ನಾನು. ನಾನೇ ಕೂತಿದ್ದೀನಿ, ನಿಮಗೇನು ಧಾಡಿ? ಆ ಸುರಿಯೋ ಮಳೇಲಿ ಮಕ್ಕಳನ್ನ ನೆನೆಸ್ತೀರಾ?"

ಸದ್ದು ಅಡಗಿತು. "ಎಲ್ಲಾ ಮತ್ತೆ ಕೂತ್ಕೊಂಡ್ರು ಕಣೇ" ಎಂದಳು ಅಕ್ಕ.

"ಅಮ್ಮನಿಗೆ ಕೊಡು."

"ಗುಬ್ಬೀ," ಎಂದಳು ಅಮ್ಮ. ಮಗಳನ್ನು ಕರೆಯುವುದೇ ಹಾಗೆ. "ಯಾರೇ ನಿನ್ನ ಹೆದರಿಸಿದ್ದು? ಆ ಸಾಹೇಬನಾ?"

"ಅಮ್ಮಾ, ನಾನೇ ತಪ್ಪು ಮಾಡಿದ್ದೀನಿ. ನಿನ್ನ ಕಾಲಿಗೆ ಬೀಳ್ತೀನಿ, ಏಳು."

"ನೀನು ಚಿಕ್ಕೋಳಿದ್ದಾಗಿಂದ ಇದೇ ಹಣೆಬರಹ. ಲೆಕ್ಕ ಸರಿಯಾಗಿ ಮಾಡೋದು, ಆಮೇಲೆ ತಪ್ಪಾಯ್ತು ಅಂತ ಅಳ್ತಾ ಕೂರೋದು. ನನ್ನ ಮಗಳು ತಪ್ಪು ಮಾಡೋಳಲ್ಲ. ಯಾರಾದ್ರೂ ಹಾಗಂದ್ರೆ ಅವರ ಗ್ರಹಚಾರ ಬಿಡಿಸ್ತೀನಿ."

ಮಗಳಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಜೀವಮಾನದಲ್ಲಿ ಈ ಹೆಂಗಸಿನ ಬಾಯಿಂದ ಇಷ್ಟು ದೊಡ್ಡ ಹೊಗಳಿಕೆ ಕೇಳಿರಲಿಲ್ಲ, ಕೇಳಿದ್ದು ಇವತ್ತು! ಕಿಟಕಿಯಾಚೆ ಮಳೆ ಹುಯ್ಯುತ್ತಲೇ ಇತ್ತು. ಅಮ್ಮ ಎದ್ದರೆ ಶಾಲೆಯೆಲ್ಲ ಏಳುತ್ತದೆ, ಅಮ್ಮ ಕೂತರೆ ಯಾರೂ ಏಳುವುದಿಲ್ಲ. ನಿಜ ಹೇಳಿ ಆಗಿತ್ತು, ನಿಜ ಕೆಲಸಕ್ಕೆ ಬಂದಿರಲಿಲ್ಲ.

"ಅಮ್ಮಾ," ಎಂದಳು, "ನಾನು ಇಲ್ಲೇ ಬಂದಿದ್ದೀನಿ. ಗೋದಾಮಿನ ಹತ್ರ. ಜಾರಿ ಬಿದ್ದು ಕಾಲು ಮುರಿದಿದೆ. ತಡೆಯಕ್ಕಾಗ್ತಿಲ್ಲ."

"ಅಯ್ಯೋ ನನ್ ಕಂದಾ!" ಎಂಬ ಕೂಗು. ಆಮೇಲೆ ಫೋನು ಎಲ್ಲೋ ಬಿದ್ದ ಸದ್ದು, ಓಡಾಟ. ಅಕ್ಕ ಫೋನೆತ್ತಿಕೊಂಡಳು. "ಹೊರಟಳು ಕಣೇ! ನೋಡು, ಎಲ್ಲರೂ ಹೊರಟರು, ಅಮ್ಮನ ಹಿಂದೆನೇ ಹೊರಟರು!"

ಅಂಗಳದಲ್ಲಿ ಆಗಲೇ ಮೊಣಕಾಲುದ್ದ ನೀರು. ಜನ ಒಬ್ಬರ ಕೈ ಒಬ್ಬರು ಹಿಡಿದು ದಾಟಿದರು, ಗೋದಾಮಿನ ಮೆಟ್ಟಿಲು ಹತ್ತಿದರು. ಅಕ್ಕ ಮೇಲಿನಿಂದ ಎಲ್ಲವನ್ನೂ ಹೇಳುತ್ತಿದ್ದಳು. ಕೊನೆಗೆ ಅವಳ ದನಿ ಬದಲಾಯಿತು. "ಅಮ್ಮ ಹತ್ತುತ್ತಿಲ್ಲ ಕಣೇ. ಕೆಳಗೇ ನಿಂತು ನಿನ್ನ ಕೂಗ್ತಿದ್ದಾಳೆ. ಗುಬ್ಬಿ ಇಲ್ಲಿಲ್ಲಮ್ಮಾ, ಸುಳ್ಳು ಹೇಳಿದ್ದು ಅಂದ್ರೆ, ನನ್ನ ಮಗಳು ಸುಳ್ಳು ಹೇಳೋಳಲ್ಲ ಅಂತಿದ್ದಾಳೆ. ಸೊಂಟದವರೆಗೂ ನೀರು ಬಂತಲ್ಲೇ! ನನ್ನ ಗಂಡ ಎಳೆದ್ರೂ ಬಿಡಿಸ್ಕೋತಾಳೆ."

"ಸ್ಪೀಕರ್ ಹಾಕು. ಜೋರು ಮಾಡು. ಮೇಲಿಂದ ಅವಳ ಕಡೆ ಹಿಡಿ."

ಮೇಡಂ ಮೇಜಿನ ಮೇಲೆ ಎರಡು ಕೈ ಊರಿ, ಕಚೇರಿಯೆಲ್ಲ ಬೆಚ್ಚುವ ಹಾಗೆ ಕಿರುಚಿದಳು. "ಅಮ್ಮಾ! ನಾನು ಮೇಲಿದ್ದೀನಿ! ಎತ್ತಿಕೊಂಡು ಬಂದಿದ್ದಾರೆ! ಬಾ ಅಮ್ಮಾ, ಮೇಲೆ ಬಾ, ನೋವು ತಡೆಯಕ್ಕಾಗ್ತಿಲ್ಲ!" ನಿಲ್ಲಿಸದೆ ಕಿರುಚಿದಳು. ಗಂಟಲು ಕಟ್ಟಿದರೂ ಬಿಡಲಿಲ್ಲ.

ಏದುಸಿರು ಹತ್ತಿರವಾಯಿತು. ಒದ್ದೆ ಸೀರೆಯ ಸದ್ದು. "ಎಲ್ಲೇ? ಎಲ್ಲೇ ನೀನು?" ಎಂದಿತು ಅಮ್ಮನ ದನಿ. ಅಲ್ಲಿದ್ದದ್ದು ಅಕ್ಕನ ಕೈಯಲ್ಲಿನ ಫೋನು ಮಾತ್ರ.

ಅಷ್ಟರಲ್ಲಿ ಅಂಗಳದಾಚೆ ಏನೋ ಕುಸಿದ ಸದ್ದು, ಜನರ ಚೀರಾಟ. ಶಾಲೆಯ ಗೋಡೆ ಹೋಯಿತೆಂದು ಯಾರೋ ಕೂಗಿದರು.

"ಕಾಲು ಚೆನ್ನಾಗಿದೆಯಾ?" ಎಂದಳು ಅಮ್ಮ.

"ಚೆನ್ನಾಗಿದೆ ಅಮ್ಮಾ."

"ಹಾಗಾದ್ರೆ ನಕ್ಷೆನೇ ತಪ್ಪು."

"ಹೂಂ ಅಮ್ಮಾ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. "ಸರಿ, ಇಡು" ಎಂದಳು ಅಷ್ಟೇ.

ಫೋನಿಟ್ಟು ಮೇಡಂ ಮುಖ ಮುಚ್ಚಿಕೊಂಡು ಅತ್ತಳು. ತಲೆಯೆತ್ತಿದಾಗ ಸಾಹೇಬರು ಅವಳ ಪರದೆಯ ಮುಂದೆ ನಿಂತಿದ್ದರು. ಅವಳು ಬೆಳಿಗ್ಗೆಯೇ ಹೇಳಿಟ್ಟ ಹಾಗೆ ಕಂಪ್ಯೂಟರು ದಿನವನ್ನು ಸರಿಯಾದ ಕಡೆ ಕತ್ತರಿಸಿ ಇಪ್ಪತ್ತು ವರ್ಷದ ಲೆಕ್ಕ ಹೊಸದಾಗಿ ಹಾಕುತ್ತಿತ್ತು. ಗುಡ್ಡಸಾಲಿನ ಬುಡದುದ್ದಕ್ಕೂ ಹಸಿರು ಚೌಕಗಳು ಒಂದಾದ ಮೇಲೊಂದು ಕೆಂಪಾಗುತ್ತಿದ್ದವು.

"ಇಲ್ಲೆಲ್ಲಾ ಜನ ಕಳಿಸಿದ್ದೀವೇನಮ್ಮಾ?" ಎಂದರು ಸಾಹೇಬರು.

"ಕಳಿಸಿದ್ದೀವಿ ಸಾರ್."

ಅವರು ಫೋನು ಅವಳ ಕಡೆ ಸರಿಸಿದರು. ಅವಳು ಕೈಗೆತ್ತಿಕೊಂಡಳು. ಮೊದಲನೇ ಕೆಂಪು ಚೌಕದ ಶಾಲೆಗೆ ನಂಬರು ಒತ್ತಿದಳು. ಆ ಕಡೆ ಯಾರೋ ಹೆಂಗಸು ಫೋನೆತ್ತಿ, ಇವಳು ಬಾಯಿ ಬಿಡುವ ಮೊದಲೇ, "ಏನೂ ಯೋಚನೆ ಮಾಡಬೇಡಿ, ನಾವೆಲ್ಲಾ ಹಸಿರಲ್ಲೇ ಇದ್ದೀವಿ" ಎಂದಳು.