ಕೇಪಿನ ಗುಳಿಯ ಮಸಿ

ಸತ್ತ ತಾಯಿಯ ಹೆಬ್ಬೆರಳಿನ ಉಗುರಿನ ಸಂದಿಗೆ ಹಲ್ಲುಕಡ್ಡಿ ತೂರಿಸಿ ಕ್ಯಾರಿನ್ ಕೆರೆಯುತ್ತಿದ್ದಳು. ಕಡ್ಡಿ ಮುರಿಯಿತೇ ಹೊರತು ಕರಿ ಗೆರೆ ಹೋಗಲಿಲ್ಲ.

"ಬಿಡಮ್ಮಾ. ಬೆಳಿಗ್ಗೆಯಿಂದ ಸೋಪು, ನಿಂಬೆರಸ ಎಲ್ಲಾ ಹಾಕಿ ನೋಡಿದೀನಿ," ಎಂದಳು ಹೆಣ ಸಿಂಗರಿಸುವ ಲವಾನ್. "ಮಾರ್ಲಿಸ್ ಕೈ ಅಂದ್ರೆ ಹಿಂಗೇ ಅಂತ ಊರಿಗೇ ಗೊತ್ತು. ಚರ್ಚಲ್ಲಿ ಕಾಫಿ ಕೊಡೋವಾಗ ನಾವು ನೋಡಿಲ್ವಾ?"

ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಸೋಮವಾರ ಮಧ್ಯಾಹ್ನ ಬಟ್ಟೆ ಮಡಿಸುತ್ತಾ ನಿಂತಿದ್ದ ಮಾರ್ಲಿಸ್ ಮಡಿಸಿದ ಬಟ್ಟೆಯ ಮೇಲೇ ಒರಗಿಬಿಟ್ಟಿದ್ದಳು. ಸುದ್ದಿ ತಿಳಿದು ಸೂ ಫಾಲ್ಸ್ ಪಟ್ಟಣದಿಂದ ಕಾರು ಓಡಿಸಿಕೊಂಡು ಬಂದ ಮಗಳಿಗೆ ಇನ್ನೂ ಅಳು ಬಂದಿರಲಿಲ್ಲ. ಯಾರೋ ಕೆನ್ನೆಗೆ ಬಾರಿಸಿ ಓಡಿಹೋದ ಹಾಗಿತ್ತು ಅವಳಿಗೆ. ಏನಾದರೂ ಮಾಡಬೇಕಲ್ಲ ಎಂದು ಉಗುರು ಕೆರೆಯುತ್ತಿದ್ದಳು.

* * *

ಆ ಮಸಿ ಬಂದೂಕಿನ ತೋಟಾದ್ದು. ಅಪ್ಪ ಎವರೆಟ್‌ಗೆ ಬೇಸಿಗೆಯಿಡೀ ಗುರಿ ಪಂದ್ಯ, ನವೆಂಬರಿನಲ್ಲಿ ಜಿಂಕೆ. ಅಂಗಡಿಯ ಗುಂಡು ಅವನಿಗೆ ಆಗದು. ಒಮ್ಮೆ ಹಾರಿಸಿದ ಹಿತ್ತಾಳೆ ತೋಟಾಕ್ಕೆ ಮತ್ತೆ ಕಿಡಿ ಹೊತ್ತಿಸುವ ಕೇಪು ಕೂರಿಸಿ, ಮದ್ದು ತುಂಬಿ, ಗುಂಡು ಬಿಗಿಯುವುದು ನೆಲಮಾಳಿಗೆಯಲ್ಲಿ ಅವನ ಕೆಲಸ. ಅದಕ್ಕೂ ಮೊದಲು ತೋಟಾದ ಬುಡದಲ್ಲಿ ಕೇಪು ಕೂರುವ ಪುಟ್ಟ ಗುಳಿಯಿಂದ ಹಳೆಯ ಮಸಿ ಕೆರೆದು ತೆಗೆಯುವುದು ಮಾರ್ಲಿಸಳದು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಗಂಡನ ಪಕ್ಕ ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ಕೆರೆಯುತ್ತಿದ್ದಳು.

ಕ್ಯಾರಿನ್‌ಗೆ ಮಗು ಹುಟ್ಟಿದಾಗ ಅಮ್ಮ ಬಂದವಳು ಮರುದಿನವೇ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಶನಿವಾರ ಪಂದ್ಯ ಕಣೇ. ಅಪ್ಪನ ತೋಟಾ ಹಾಗೇ ಬಿದ್ದಿವೆ."

"ಅವನಿಗೇನು ಕೈ ಇಲ್ವಾ?"

"ಗುಳೀಲಿ ಮಸಿ ಉಳಿದ್ರೆ ಕೇಪು ಸರಿಯಾಗಿ ಕೂರಲ್ಲ, ಗುಂಡು ಎಲ್ಲೆಲ್ಲೋ ಹೋಗತ್ತೆ. ನಿಮ್ಮಪ್ಪ ಅವಸರದ ಮನುಷ್ಯ, ಅವನ ಕೈಲಾಗೋ ಕೆಲಸ ಅಲ್ಲ ಅದು."

ಹೇಳುವಾಗ ಅವಳ ಮುಖದಲ್ಲಿ ಎಂಥದೋ ಬಿಂಕವಿತ್ತು. ಅಳುವ ಕೂಸನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತ ಕ್ಯಾರಿನ್‌ಗೆ ಮೈಯೆಲ್ಲ ಉರಿದಿತ್ತು. ಹಿತ್ತಾಳೆಗಿಂತ ಕಡೆಯಾದೆನೇ ನಾನು ಎನ್ನುವ ಸಂಕಟ ಅಂದಿನಿಂದ ಅವಳನ್ನು ಬಿಟ್ಟಿರಲಿಲ್ಲ.

* * *

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿಮಾಂಸದ ಸ್ಯಾಂಡ್‌ವಿಚ್ಚು, ಚೀಸು ಹಾಕಿ ಬೇಯಿಸಿದ ಆಲೂಗಡ್ಡೆಯ ಹಾಟ್‌ಡಿಶ್. ಅಪ್ಪನ ಹಳೆಯ ಗೆಳೆಯ ಗಾರ್ಡಿ ತಟ್ಟೆ ಹಿಡಿದು ಅಪ್ಪ, ಮಗಳ ಎದುರಿಗೆ ಕೂತ. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು.

"ಎವರೆಟ್ಟಾ, ಇನ್ಮೇಲೆ ನಿನ್ನ ಗುಳಿ ಕೆರೆಯೋರು ಯಾರೋ?" ಎಂದು ಕಣ್ಣೊರೆಸಿಕೊಂಡ. "ಪುಣ್ಯಾತ್ಗಿತ್ತಿ! ಬೇಡದ ಕೆಲಸಾನ ಅಷ್ಟು ಶ್ರದ್ಧೆಯಿಂದ ಮಾಡೋರ್ನ ನಾನಂತೂ ಕಂಡಿಲ್ಲ."

"ಬೇಡದ ಕೆಲಸ ಅಂದ್ರೆ?" ಎಂದಳು ಕ್ಯಾರಿನ್.

"ನಾವೇ ಹೊಡೆದು ನೋಡಿದ್ವಲ್ಲಮ್ಮಾ! ಇವನದು ಕೆರೆದು ತುಂಬಿದ್ದು, ನಂದು ಕೆರೀದೆ ತುಂಬಿದ್ದು. ಒಂದೇ ಬಂದೂಕು. ಹಲಗೆ ಮೇಲಿನ ತೂತು ನೋಡಿದ್ರೆ ಯಾವುದು ಯಾರದು ಅಂತ ದೇವ್ರಿಗೂ ಗೊತ್ತಾಗ್ತಿರಲಿಲ್ಲ. ನಮ್ಮ ಬಂದೂಕಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ ಅಂತ ನಿಮ್ಮಪ್ಪನೇ ಒಪ್ಕೊಂಡು ಬಿಯರ್ ಕುಡಿಸ್ದ."

"ಯಾವಾಗ?"

"ನೀನು ಕಾಲೇಜಿಗೆ ಹೋದ ವರ್ಷ." ಗಾರ್ಡಿ ಅವಳ ಮುಖ ನೋಡಿದ, ಆಮೇಲೆ ಗೆಳೆಯನ ಮುಖ ನೋಡಿದ. "ಯಾಕೋ, ಮನೇಲಿ ಹೇಳಿರಲಿಲ್ವಾ?"

ಎವರೆಟ್‌ನ ಫೋರ್ಕು ತಟ್ಟೆಯಲ್ಲೇ ನಿಂತಿತು. ಕ್ಯಾರಿನ್ ಮನಸ್ಸಿನಲ್ಲೇ ವರ್ಷ ಎಣಿಸಿದಳು. ಅವಳ ಮಗನಿಗೆ ಈಗ ಮೀಸೆ ಮೂಡುತ್ತಿತ್ತು. ಕಾಲೇಜಿಗೆ ಹೋದದ್ದು ಅದಕ್ಕೂ ಎಷ್ಟೋ ಹಿಂದಿನ ಮಾತು.

ಅಪ್ಪನನ್ನು ತೋಳು ಹಿಡಿದು ಮೆಟ್ಟಿಲ ಹತ್ತಿರ ಕರೆದೊಯ್ದಳು.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಅವಳ ಬೆರಳು ಸೊಟ್ಟಗಾಗಿದ್ವು ಅಪ್ಪಾ. ಲೋಟ ಹಿಡಿಯೋಕಾಗ್ತಿರಲಿಲ್ಲ. ಮಗು ಹುಟ್ಟಿದಾಗ ನಂಗೆ ಬೇಕಿತ್ತು ಅವಳು. ಒಂದು ರಾತ್ರಿ ಇದ್ದು ಓಡಿಬಂದ್ಲು, ಆ ದರಿದ್ರ ಹಿತ್ತಾಳೆಗೋಸ್ಕರ!"

ಎವರೆಟ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ನೀನು ಹೋದ್ಮೇಲೆ ಮನೇಲಿ ಮಾತೇ ನಿಂತೋಯ್ತು. ಉಂಡು ಮೇಲೆ ಹೋಗಿ ಮಲಗ್ಬಿಡೋಳು. ಕೆಳಗೆ ಬಂದು ಕೆರೀತಾ ಕೂತ್ರೆ ಮಾತ್ರ ಮಾತಾಡೋಳು. ನಿನ್ನ ಸುದ್ದಿ, ಅವಳ ಅಮ್ಮನ ಸುದ್ದಿ, ಎಲ್ಲಾ. ನಗೋಳು. ಬೇಡ ಅಂದಿದ್ರೆ ಎದ್ದು ಹೋಗ್ತಿದ್ಲು."

"ಸುಮ್ನೆ ಬಂದು ಕೂತ್ಕೋ ಅಂತ ಕೇಳೋಕೆ ಏನಾಗಿತ್ತು ನಿಂಗೆ?"

ಅವನು ಕಣ್ಣು ಕಿರಿದು ಮಾಡಿ ಮಗಳನ್ನು ನೋಡಿದ. "ಹಂಗೆಲ್ಲ... ಹೆಂಗೆ ಕೇಳ್ತಾರೆ?"

ನಮ್ಮ ಡಕೋಟಾದ ಗಂಡಸರೇ ಹಾಗೆ. ಪಕ್ಕದವನ ಟ್ರ್ಯಾಕ್ಟರ್ ಕೆಸರಲ್ಲಿ ಹೂತರೆ ಕರೆಯುವ ಮೊದಲೇ ಓಡುತ್ತಾರೆ. ತಮಗೇನಾದರೂ ಬೇಕಾದರೆ ಬಾಯಿಗೆ ಬೀಗ. ಅದನ್ನು ಕ್ಯಾರಿನ್‌ಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಆ ಹೊತ್ತಿಗೆ ಅವಳಿಗೆ ಅವನ ಮುಖ ನೋಡುವುದೇ ಬೇಡವೆನ್ನಿಸಿತು.

* * *

ಕ್ಯಾರಿನ್‌ಳ ಗಂಡ, ಮಗ ಊಟ ಮುಗಿಸಿ ಇನ್ನೊಂದು ಕಾರಿನಲ್ಲಿ ಹೊರಟಿದ್ದರು. ಒಂದು ವಾರ ಅಪ್ಪನ ಜೊತೆ ಇರುತ್ತೇನೆಂದು ಬಂದಿದ್ದ ಕ್ಯಾರಿನ್, ಅಪ್ಪನ ಮನೆಯ ಅಂಗಳದಲ್ಲಿ ಬಿಚ್ಚದ ಬಟ್ಟೆಯ ಚೀಲವನ್ನು ಮತ್ತೆ ಕಾರಿಗೆ ಎಸೆದು ಇಂಜಿನ್ ಚಾಲೂ ಮಾಡಿದಳು.

ಎವರೆಟ್ ಕಪ್ಪು ಸೂಟಿನಲ್ಲೇ ಹೊರಗೆ ಬಂದ.

"ಹೊರಟ್ಯಾ?"

"ಹೂಂ."

ಅವನು ಕಾರಿನ ಗಾಲಿ ನೋಡಿದ, ಆಕಾಶ ನೋಡಿದ, ಮನೆ ನೋಡಿದ. 

"ಸೂರಿನ ಮಳೆನೀರಿನ ದೋಣಿ ಕಟ್ಕೊಂಡಿದೆ. ಎಲೆ ತುಂಬಿದೆ. ಹಿಮ ಬೀಳೋಕೆ ಮುಂಚೆ ತೆಗೀಬೇಕು. ಏಣಿ ಹಿಡ್ಕೊಳ್ಳೋಕೆ ಒಬ್ರು ಬೇಕಾಗಿತ್ತು."

ಕ್ಯಾರಿನ್ ಸುತ್ತ ನೋಡಿದಳು. ಕೊಯ್ದ ಗೋಧಿಯ ಕೂಳೆ ಆಕಾಶದ ಅಂಚಿನವರೆಗೂ ಹರಡಿತ್ತು. ಕಣ್ಣು ಹಾಯುವಷ್ಟು ದೂರ ಒಂದು ಮರವಿರಲಿಲ್ಲ.

ಇಂಜಿನ್ ಆರಿಸಿದಳು. "ಏಣಿ ಎಲ್ಲಿದೆ?" ಎಂದು ಕೇಳುವಷ್ಟರಲ್ಲಿ ಅವಳಿಗೆ ಎರಡು ದಿನದಿಂದ ಬಾರದ ಅಳು ಬಂತು.

ಅಪ್ಪ ಪಾಲಿಶ್ ಮಾಡಿದ ಬೂಟಿನಲ್ಲೇ ಮೇಲೆ ಹತ್ತಿದ. ಸೂರಿನ ಅಂಚಿನ ತಗಡಿನ ದೋಣಿಗೆ ಕೈ ಹಾಕಿ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ಬಾಚತೊಡಗಿದ.

"ಸ್ವಲ್ಪ ಹೊತ್ತು ಹಿಡಿಯತ್ತೆ ಕಣಮ್ಮಾ," ಎಂದ ಮೇಲಿನಿಂದ.

"ಹಿಡೀಲಿ," ಎಂದಳು ಅವಳು, ಎರಡೂ ಕೈಯಿಂದ ಏಣಿಯನ್ನು ಅದುಮಿಕೊಂಡು. ಒಂದು ಎಲೆಯೂ ಕೆಳಗೆ ಬೀಳಲಿಲ್ಲ.