ಎಲಿವಾಜ ಮೇಡಂ ಅವರ ಸಿಟ್ಟು

ಮಕ್ಕಳು ತುಟಿ ಬಿಗಿದು ಕುಳಿತ ತರಗತಿಯ ಮುಂದೆ ಹಾದುಹೋಗುವಾಗ ಎಲಿವಾಜ ನ್ತಾಂಡು ಅವರು, ಒಲೆಯ ಮೇಲಿಟ್ಟದ್ದು ಸೀಯುವ ವಾಸನೆ ಹಿಡಿದ ಹೆಂಗಸಿನಂತೆ ಗಕ್ಕನೆ ನಿಂತುಬಿಡುತ್ತಿದ್ದರು. ನಮಗೆಲ್ಲ ಮೌನವೆಂದರೆ ಶಿಸ್ತು. ಅವರಿಗೆ ಅದು ಒಳಗೆ ಏನೋ ಹಾಳಾಗುತ್ತಿದೆ ಎಂಬುದರ ಸೂಚನೆ.

ನಮ್ಮ ಸಿಂಗಿಡಾ ಬಯಲಿನ ಬಿರುಗಾಳಿಗೆ ಎದುರಾಗಿ ಹುಟ್ಟಿ ಬೆಳೆದವರಾದ್ದರಿಂದಲೋ ಏನೋ, ಗಾಳಿಯಿಲ್ಲದ ದಿನವೂ ಅವರು ಮುಂದಕ್ಕೆ ಬಾಗಿ, ಕಾಣದ ಯಾವುದನ್ನೋ ಹಣೆಯಿಂದ ನೂಕುತ್ತ ನಡೆಯುತ್ತಿದ್ದರು. ಸಂತೆಯ ಹಳೆಬಟ್ಟೆಯ ರಾಶಿಯಲ್ಲಿ ಕೊಂಡ, ಯಾವ ದೇಶದ ಯಾವ ಗಂಡಸಿನದೋ ಆದ ಬೂದು ಕೋಟು ಮೈಮೇಲೆ ವರ್ಷವಿಡೀ ಇರುತ್ತಿತ್ತು. ಅದರ ಎಡ ಜೇಬಿನಲ್ಲಿ ಸೀಮೆಸುಣ್ಣ, ಬಲ ಜೇಬಿನಲ್ಲಿ ಒಂದು ಹಿಡಿ ಕೆಂಪು ಬೀನ್ಸ್ ಕಾಳು. ಜೀವಶಾಸ್ತ್ರದ ಪಾಠ ಶುರುವಾಗುವ ಮುನ್ನ ಪ್ರತಿ ಮಗುವಿಗೂ ಮೂರು ಕಾಳು. ಒಂದು ಮಾತಾಡಿದರೆ ಒಂದು ಕಾಳನ್ನು ಮೇಜಿನ ಮೇಲಿಡಬೇಕು. ಗಂಟೆ ಹೊಡೆಯುವುದರೊಳಗೆ ಮೂರೂ ಮುಗಿಯಬೇಕು. ಬಾಯಿಬಡುಕರು ಹತ್ತೇ ನಿಮಿಷದಲ್ಲಿ ಬರಿಗೈಯಾಗಿ, ಉಳಿದವರು ಬಾಯಿಬಿಡುವ ತನಕ ಕಾಯಬೇಕಾಗುತ್ತಿತ್ತು.

"ಮೇಡಂ, ನನ್ನ ಕಾಳು ಇಲಿ ತಿಂತು," ಎಂದು ಒಬ್ಬ ತುಂಟ ಒಮ್ಮೆ ಹೇಳಿದ್ದ.

"ಹಾಗಾದ್ರೆ ಇಲೀನ ಕರಿ. ಅದು ತಿಂದದ್ದು ಹೊಟ್ಟೇಲಿ ಏನಾಯ್ತು ಅಂತ ನೀನು ಹೇಳು. ಮೂರು ಮಾತು."

ಹುಡುಗ ಹೇಳಿದ. ಸ್ವಾಹಿಲಿಯಲ್ಲಿ ಶುರುಮಾಡಿ, ಹಲಗೆಯ ಮೇಲೆ ಅವರು ಬರೆದಿಟ್ಟಿದ್ದ ಅರೆಬರೆ ಇಂಗ್ಲಿಷ್ ವಾಕ್ಯಗಳನ್ನು ಊರುಗೋಲಿನಂತೆ ಹಿಡಿದು, ಎಡವುತ್ತ ಕರುಳಿನ ಕೊನೆ ಮುಟ್ಟಿದ. ಅವರು ನಡುನಡುವೆ "ಆಮೇಲೆ?" ಎನ್ನುತ್ತಿದ್ದರು, ಅಷ್ಟೇ.

ಏಳು ವರ್ಷ ಎಲ್ಲವನ್ನೂ ಸ್ವಾಹಿಲಿಯಲ್ಲಿ ಕಲಿತು ಬಂದ ಮಗು ನಮ್ಮ ಪ್ರೌಢಶಾಲೆಯ ಹೊಸ್ತಿಲು ದಾಟಿದ ದಿನದಿಂದಲೇ ಇಂಗ್ಲಿಷಿನಲ್ಲಿ ಯೋಚಿಸಬೇಕು. ಇದಕ್ಕೆ ನಾವು ಮೇಷ್ಟ್ರುಗಳು ಕಂಡುಕೊಂಡಿದ್ದ ಉಪಾಯ ಒಂದೇ: ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುವುದು, ಕೊನೆಯ ಪದದ ಬಾಲವನ್ನು ತರಗತಿ ಒಕ್ಕೊರಲಿನಿಂದ ಕೂಗಿ ಮುಗಿಸುವುದು. "ಇದು ಮರುಭೂ..." ಎಂದರೆ "...ಮಿ." "ಅರ್ಥ ಆಯ್ತಾ?" ಎಂದರೆ "ಆಯ್ತು ಸಾರ್." ಭೂಗೋಳದ ಮೇಷ್ಟ್ರಾದ ನನ್ನ ತರಗತಿಯ ಕೂಗು ರಸ್ತೆಯವರೆಗೂ ಕೇಳುತ್ತಿತ್ತು, ನನಗದು ಹೆಮ್ಮೆ. ನಾನು ಸೇರಿದ ಮೊದಲ ತಿಂಗಳಲ್ಲೇ ಎಲಿವಾಜ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಇಡೀ ಪಾಠ ಕೇಳಿದ್ದರು.

"ಎಷ್ಟು ಮಕ್ಕಳಿದ್ದಾರೆ ತಮ್ಮಾ?"

"ಅರವತ್ತೆರಡು, ಅಕ್ಕ."

"ನನಗೆ ಒಂದೇ ಗಂಟಲು ಕೇಳಿಸ್ತು."

ಪ್ರೌಢಶಾಲೆಯ ಎರಡನೆಯ ವರ್ಷದ ಕೊನೆಗೆ ಮಕ್ಕಳಿಗೆ ಸರ್ಕಾರಿ ಪರೀಕ್ಷೆ. ಶಾಲೆಯ ಸರಾಸರಿ ಕುಗ್ಗದಿರಲೆಂದು ನಮ್ಮ ಹೆಡ್ಮಾಸ್ಟರ್ ಮ್ಕುಂಬೊ, ಜುಲೈ ತಿಂಗಳಲ್ಲಿ ಹಿಂದುಳಿದವರ ಪಟ್ಟಿಯೊಂದನ್ನು ಮಾಡಿಸುತ್ತಿದ್ದರು. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಬಾಯಿಬಿಡದ ಮಕ್ಕಳನ್ನು 'ಸ್ವಂತ ಇಚ್ಛೆಯಿಂದ' ಹಿಂದಿನ ತರಗತಿಗೆ ಕಳಿಸುವ ಕಾಗದ ಅದು. ಆ ವರ್ಷ ಪಟ್ಟಿಯ ಮೊದಲ ಹೆಸರು ತಾತು ನ್ಜಿಕು. ಹದಿನಾಲ್ಕು ವರ್ಷದ, ಉದ್ದ ಕತ್ತಿನ ಹುಡುಗಿ. ಹಿಂದಿನ ತರಗತಿಗೆ ಬಿದ್ದರೆ ಶಾಲೆ ಬಿಡಿಸಿ, ದೂರದ ಪಟ್ಟಣ ದಾರ್ ಎಸ್ ಸಲಾಮ್‌ನಲ್ಲಿರುವ ಬಂಧುಗಳ ಮನೆಗೆಲಸಕ್ಕೆ ಕಳಿಸುವುದಾಗಿ ಅಪ್ಪ ಆಗಲೇ ಹೇಳಿಯಾಗಿತ್ತು. ನಾನು ಆಕೆಯ ತರಗತಿಯ ಮೇಷ್ಟ್ರು. ಪಟ್ಟಿಗೆ ನನ್ನ ಸಹಿ ಬೇಕಿತ್ತು.

"ಆ ಹುಡುಗಿ ಮೂಕಿ," ಎಂದರು ಮ್ಕುಂಬೊ.

"ಮೂಕಿಯೋ, ನಿಮಗೆ ಕಿವುಡೋ?" ಎಂದರು ಎಲಿವಾಜ. ಶಿಕ್ಷಕರ ಕೋಣೆಯಲ್ಲಿ ಚಹಾದ ಲೋಟಗಳು ಕೈಯಲ್ಲೇ ನಿಂತವು. "ನಾಳೆ ನನ್ನ ಪಾಠಕ್ಕೆ ಬನ್ನಿ. ಕೇಳಿ ಆಮೇಲೆ ಬರೀರಿ."

ಮರುದಿನದ ಪಾಠ ಹೃದಯದ್ದು. ಮ್ಕುಂಬೊ ಮತ್ತು ನಾನು ತರಗತಿಯಲ್ಲಿ ಒಂದು ಬದಿಗೆ ಕುಳಿತೆವು. ಎಲಿವಾಜ ಎರಡು ಸ್ಟೂಲುಗಳನ್ನು ಬೆನ್ನಿಗೆ ಬೆನ್ನು ತಾಗುವಂತೆ ಇಟ್ಟರು. ಒಂದರ ಮೇಲೆ ತಾತು, ಕೈಯಲ್ಲಿ ಹೃದಯದ ಚಿತ್ರ. ಇನ್ನೊಂದರ ಮೇಲೆ ಗೆಳತಿ ಮ್ವಾಜುಮ, ಕೈಯಲ್ಲಿ ಖಾಲಿ ಹಾಳೆ. ತಾತು ಹೇಳಿದ್ದನ್ನು ಕೇಳಿಯೇ ಮ್ವಾಜುಮ ಬರೆಯಬೇಕು, ತಿರುಗಿ ನೋಡುವಂತಿಲ್ಲ. ಮೊದಲ ಸುತ್ತು ಸ್ವಾಹಿಲಿ, ಎರಡನೆಯದು ಇಂಗ್ಲಿಷ್. ಇದು ಅವರು ವರ್ಷಗಳಿಂದ ನಡೆಸಿಕೊಂಡು ಬಂದ ಕ್ರಮ.

"ಮೇಲೆ ಒಂದು ಕೋಣೆ, ಕೆಳಗೆ ಒಂದು ಕೋಣೆ ಬರಿ," ಎಂದಳು ತಾತು. "ಮಧ್ಯೆ ಬಾಗ್ಲು. ನಮ್ಮ ಮನೆ ಆಡಿನ ದೊಡ್ಡಿ ಬಾಗ್ಲಿಲ್ವಾ, ಹಾಗೆ. ಹೊರಗಿಂದ ಆಡು ನೂಕಿದ್ರೆ ತೆರ್ಕೊಳ್ಳುತ್ತೆ. ಒಳಗೆ ಹೋದ್ಮೇಲೆ ವಾಪಸ್ ಬರೋಕೆ ನೂಕಿದ್ರೆ ಇನ್ನೂ ಬಿಗಿಯಾಗುತ್ತೆ."

"ಬಾಗ್ಲು ಯಾವ ಕಡೆ ತೆರೆಯುತ್ತೆ?"

"ಕೆಳಗಡೆ ಕಣೇ. ಆಡು ಒಳಗೆ ಹೋಗ್ಬೇಕಲ್ಲ."

ಹಿಂದಿನ ಬೆಂಚಿನವರು ನಕ್ಕರು. ಮ್ವಾಜುಮಳ ಹಾಳೆಯಲ್ಲಿ ಹೃದಯ ಸರಿಯಾಗಿ ಮೂಡುತ್ತಿತ್ತು. ಮ್ಕುಂಬೊ ಕೈಯೆತ್ತಿದರು. "ಸ್ವಾಹಿಲಿ ಸಾಕು ಮೇಡಂ."

ತಾತು ಇಂಗ್ಲಿಷಿಗೆ ಹೊರಳಿದಳು. ಕತ್ತಿನ ನರ ಉಬ್ಬಿತು. "ರಕ್ತ ಬರು. ಬಾಗಿಲು ತೆರೆ. ರಕ್ತ ಹೋಗು. ಬಾಗಿಲು ಮುಚ್ಚು. ರಕ್ತ... ವಾಪಸ್ ಇಲ್ಲ." ಇಷ್ಟು ಹೇಳಲು ಅವಳಿಗೆ ಎರಡು ನಿಮಿಷ ಹಿಡಿಯಿತು. ಅವಳ ಮೂರು ಕಾಳುಗಳೂ ಮೇಜಿನ ಮೇಲಿದ್ದವು.

"ಬಾಗಿಲಂತೆ," ಎಂದು ಮ್ಕುಂಬೊ ಎದ್ದು ಹಲಗೆಯ ಬಳಿ ನಡೆದರು. ತರಗತಿಯತ್ತ ತಿರುಗಿ, ಹಿಂದಿನ ವರ್ಷ ಇದೇ ಮಕ್ಕಳಿಗೆ ತಾವೇ ಜೀವಶಾಸ್ತ್ರ ಕಲಿಸಿದ್ದ ಪರಿಚಿತ ರಾಗದಲ್ಲಿ, "ರಕ್ತವನ್ನು ಹಿಂದಕ್ಕೆ ಹರಿಯಗೊಡದಿರುವುದು ವಾ..." ಎಂದರು.

"...ಲ್ವ್," ಎಂದು ಐವತ್ತು ಗಂಟಲು ಒಂದಾಗಿ ಮುಗಿಸಿತು.

"ನೋಡಿದ್ರಾ ಮೇಡಂ? ಇದು ವಿಜ್ಞಾನ."

ಎಲಿವಾಜ ಮುಂದಿನ ಬೆಂಚಿನ ಜಾಣನನ್ನು ಎಬ್ಬಿಸಿದರು. "ವಾಲ್ವ್ ಅಂದ್ರೇನಪ್ಪ? ಯಾವ ಭಾಷೇಲಾದ್ರೂ ಹೇಳು." ಹುಡುಗ ಸುಣ್ಣದ ಗೋಡೆಯನ್ನು ನೋಡುತ್ತ ನಿಂತ. ಇನ್ನೊಬ್ಬಳನ್ನು ಎಬ್ಬಿಸಿದರು. ಮತ್ತೊಬ್ಬನನ್ನು. ಆರು ಮಕ್ಕಳು ಸಾಲಾಗಿ ನಿಂತರು.

"ಇವರಿಗೆಲ್ಲ ಹೆಸರು ಗೊತ್ತು," ಎಂದರು ಎಲಿವಾಜ. ದನಿ ಏರಿರಲಿಲ್ಲ. "ಆ ಹುಡುಗಿಗೆ ವಿಷಯ ಗೊತ್ತು. ಹೆಸರು ಒಂದು ದಿನದಲ್ಲಿ ಕಲಿಸ್ತೀನಿ. ವಿಷಯ ಕಲಿಸೋಕೆ ನಿಮ್ಮಿಂದ ಒಂದು ವರ್ಷದಲ್ಲೂ ಆಗಲಿಲ್ಲವಲ್ಲ ಸಾರ್. ಇವರನ್ನ ಮುಂದೆ ಕಳಿಸಿ, ಅವಳನ್ನ ಹಿಂದೆ ಕಳಿಸ್ತೀರಾ? ಯಾವ ಮುಖ ಇಟ್ಕೊಂಡು?"

"ಪರೀಕ್ಷೆ ಬಾಗಿಲು ಕೇಳಲ್ಲ ಮೇಡಂ. ವಾಲ್ವ್ ಕೇಳುತ್ತೆ," ಎಂದು ಮ್ಕುಂಬೊ ಕಾಗದವನ್ನು ನನ್ನ ಮುಂದೆ ಹಿಡಿದರು.

ನಾನು ಕಾಯಂ ಆಗಿರಲಿಲ್ಲ, ಮದುವೆ ಗೊತ್ತಾಗಿತ್ತು, ಎಂದೆಲ್ಲ ಈಗ ಹೇಳಬಹುದು. ಸಹಿ ಹಾಕಿದೆ.

ಭಾನುವಾರ ಎಲಿವಾಜ ಆರು ಮೈಲಿ ನಡೆದು ತಾತುವಿನ ಮನೆಗೆ ಹೋದರು. ಅಪ್ಪ ನ್ಜಿಕು ಒರಟನಲ್ಲ, ಸ್ಟೂಲು ಕೊಟ್ಟು, ಮೆಕ್ಕೆಜೋಳದ ಉಗಾಲಿ ಮುದ್ದೆ ಬಡಿಸಿ, ಕೊನೆಗೆ ಹೇಳಿದನಂತೆ: "ನೀವು ಒಬ್ರು ಬಂದು ಜಾಣೆ ಅಂತೀರಿ. ಶಾಲೆಯವರು ದಡ್ಡಿ ಅಂತ ಬರ್ದು, ಇಬ್ರು ಸಹಿ ಹಾಕಿ ಕಳಿಸಿದ್ದಾರೆ. ನಾನು ಓದಿದವನಲ್ಲ ಮೇಡಂ. ಓದಿದವ್ರು ಬರ್ದದ್ದನ್ನ ನಂಬ್ದೆ ಇನ್ನೇನು ಮಾಡ್ಲಿ?"

ತಾತು ಬುಧವಾರದ ಬಸ್ಸಿಗೆ ಹೋದಳು. ಎಲಿವಾಜ ಜಿಲ್ಲಾ ಕಚೇರಿಗೆ ನಾಲ್ಕು ಸಲ ಅಲೆದರು. ಅಲ್ಲಿ ಅವರಿಗೆ ಸಿಕ್ಕಿದ್ದು, ತರಗತಿಯಲ್ಲಿ ಗದ್ದಲ ಮಾಡಿಸುತ್ತಾರೆ, ಸ್ವಾಹಿಲಿ ಬಳಸುತ್ತಾರೆ ಎಂಬ ಎಚ್ಚರಿಕೆಯ ಪತ್ರ. ಮರುದಿನವೂ ಅವರ ತರಗತಿಯಲ್ಲಿ ಮಕ್ಕಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿದ್ದರು, ಶ್ವಾಸಕೋಶದ ಪಾಠಕ್ಕೆ. ನನ್ನೊಡನೆ ಹನ್ನೊಂದು ದಿನ ಮಾತಾಡಲಿಲ್ಲ. ಹನ್ನೆರಡನೆಯ ದಿನ ಚಹಾದ ಹೊತ್ತಿಗೆ ನನ್ನ ಎದುರು ಕುಳಿತು, ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದರು:

"ಆ ಕಾಗದ ನೋಡ್ದೆ ತಮ್ಮಾ. ನಿನ್ನ ಸಹಿ ಚೆನ್ನಾಗಿದೆ. ಪಕ್ಕದಲ್ಲಿ 'ಒಪ್ಪಿದೆ' ಅಂತ ಇಂಗ್ಲಿಷಲ್ಲೇ ಬರೆದಿದ್ದೀಯ."

ಜಗತ್ತಿನಲ್ಲಿ ಸಿಡುಕಿನ ಮೇಷ್ಟ್ರುಗಳಿಗೆ ಬರವಿಲ್ಲ. ಮಗುವಿಗೆ ಗೊತ್ತಿಲ್ಲವೆಂದು ಕೋಲೆತ್ತುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ, ನಿವೃತ್ತರಾದಾಗ ಅವರಿಗೆ ಹಾರವನ್ನೂ ಹಾಕುತ್ತೇವೆ. ಮಗುವಿಗೆ ಗೊತ್ತಿರುವುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲವೆಂದು ಸಿಟ್ಟಾಗುವವರು ಅಪರೂಪ. ಅಂಥವರ ಸಿಟ್ಟು ತಣಿಯುವುದಿಲ್ಲ, ಏಕೆಂದರೆ ಅದು ಯಾವ ಮಗುವಿನ ಮೇಲೆಯೂ ಇಳಿಯಲಾರದು. ಇಳಿಯಬೇಕಾದ ಜಾಗದಲ್ಲಿ ನಮ್ಮಂಥವರು ಕುಳಿತಿರುತ್ತೇವೆ, ಲೇಖನಿ ಹಿಡಿದು, ಅರ್ಥ ಆಯಿತೆಂದು ತಲೆಯಾಡಿಸುತ್ತ.